ಒಂದು ರೇಖೆಯ ಅಳತೆ: ಲ್ಯಾಂಬ್ಟನ್ ಪಾಠ

ತರಗತಿ: 9. ಪಾಠಾಂಶ: ತ್ರಿಕೋನಗಳಿಂದ ಭೂಮಾಪನ.

ಹೆಬ್ಬಾಳದ ಪ್ರೌಢಶಾಲೆಯೊಂದರಲ್ಲಿ ಈ ಪಾಠವನ್ನು ವಿಲಿಯಂ ಲ್ಯಾಂಬ್ಟನ್‌ನ ಜೀವನದಿಂದ ಆರಂಭಿಸಿದೆನು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಈ ಬ್ರಿಟಿಷ್ ಸೇನಾಧಿಕಾರಿ, ಮರುವರ್ಷ ಬೆಂಗಳೂರಿನ ಬಳಿ 100 ಅಡಿಯ ಉಕ್ಕಿನ ಸರಪಳಿ ಹಿಡಿದು ಸುಮಾರು 12 ಕಿ.ಮೀ. ಉದ್ದದ ಆಧಾರರೇಖೆಯನ್ನು ಅಳೆದನು. 1802ರಲ್ಲಿ ಮದರಾಸಿನಲ್ಲಿ ಇನ್ನೊಂದನ್ನು ಅಳೆದು, ಮುಂದೆ ಮಹಾ ತ್ರಿಕೋನಮಿತೀಯ ಸರ್ವೆ ಎಂದು ಹೆಸರಾದ ಕೆಲಸಕ್ಕೆ ತೊಡಗಿದನು. 1823ರಲ್ಲಿ ಹಿಂಗಣಘಾಟ್‌ನಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲ.

ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಅವನು ಉಷ್ಣತೆಯನ್ನೂ ದಾಖಲಿಸಿ ಅಳತೆಯನ್ನು ತಿದ್ದುತ್ತಿದ್ದನು. ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಇಷ್ಟು ಶ್ರಮವೇಕೆ? ಇದೇ ಪಾಠದ ಮುಖ್ಯ ಪ್ರಶ್ನೆ.

ಉತ್ತರವನ್ನು ಹೇಳದೆ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದೆನು. ಟೇಪಿನಿಂದ 20 ಮೀ. ರೇಖೆ ಅಳೆದು, ಅದರ ಎರಡೂ ತುದಿಗಳಿಂದ ಧ್ವಜಸ್ತಂಭದ ಕಡೆಗಿನ ಕೋನಗಳನ್ನು ಕೋನಮಾಪಕದಲ್ಲಿ ಗುರುತಿಸಿದರು. 1 ಸೆಂ.ಮೀ.ಗೆ 2 ಮೀ. ಪ್ರಮಾಣದಲ್ಲಿ ತ್ರಿಕೋನ ಎಳೆದು, ಸ್ತಂಭದ ದೂರವನ್ನು ಕಂಡುಕೊಂಡರು. ಬಳಿಕ ಅವೇ ಕೋನಗಳನ್ನಿಟ್ಟು, ರೇಖೆಯನ್ನು 19 ಮೀ. ಎಂದು ಭಾವಿಸಿ ಮತ್ತೆ ಎಳೆಸಿದೆನು. ಆಕಾರ ಹಾಗೆಯೇ ಉಳಿಯಿತು. ದೂರಗಳೆಲ್ಲ ನೂರಕ್ಕೆ 5ರಷ್ಟು ಕುಗ್ಗಿದವು. ಈ ತ್ರಿಕೋನದ ಬಾಹುವಿನ ಮೇಲೆ ಮುಂದಿನದನ್ನು ಕಟ್ಟಿದರೆ, ಅದೇ ದೋಷ ಅಲ್ಲಿಗೂ ಹೋಗುತ್ತದೆ. ನಾಡಿನ ನಕ್ಷೆಯೇ ಹೀಗೆ ಕುಗ್ಗಬಹುದೆಂದು ಮಕ್ಕಳೇ ಹೇಳಿದರು.

ಆದ್ದರಿಂದಲೇ ಸರ್ವೆಯವರು ಅಲ್ಲಲ್ಲಿ ಹೊಸ ಆಧಾರರೇಖೆ ಅಳೆದು ತಾಳೆ ನೋಡುತ್ತಿದ್ದರು. 1868ರ ಬೆಂಗಳೂರು ರೇಖೆಯ ಒಂದು ತುದಿ ಮೇಖ್ರಿ ವೃತ್ತದ ಬಳಿ, ಇನ್ನೊಂದು ಕಣ್ಣೂರಿನಲ್ಲಿ. ಮಕ್ಕಳು ದಿನವೂ ಬಸ್ಸಿನಲ್ಲಿ ದಾಟುವ ಜಾಗವಿದು.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ: ಸೂತ್ರ ಕೊಡುವ ಮೊದಲು ಈ ಚಟುವಟಿಕೆ ಮಾಡಿಸಿ. ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕು: ಕೋನಗಳೆಲ್ಲ ಸರಿಯಿದ್ದೂ ನಕ್ಷೆ ತಪ್ಪಾಗುವುದು ಹೇಗೆ?