ಮಗಳು ಬರುವ ದಿನ ಊಟಕ್ಕೆ ಕಾಯಬಹುದೇ?

ಪ್ರಶ್ನೆ: ನಾವು ಮಾಗಡಿ ತಾಲ್ಲೂಕಿನ ಕೆಂಪಾಪುರದ ನಿವೃತ್ತ ದಂಪತಿ. ಯಜಮಾನರಿಗೆ ಎರಡು ಹೊತ್ತು ಇನ್ಸುಲಿನ್. ಕಳೆದ ಸಲ ಮಗಳು ಬರಲೆಂದು ಊಟಕ್ಕೆ ಕಾದು, ಬೆವೆತು ನಡುಗಿಬಿಟ್ಟರು. ಭಾನುವಾರ ಮತ್ತೆ ಬರುತ್ತಾಳೆ.

ಉತ್ತರ: ಅಮ್ಮಾ, ಅದು ಬಹುಶಃ ಸಕ್ಕರೆ ಕುಸಿದದ್ದು. ಬೆಳಗಿನ ಇನ್ಸುಲಿನ್ ಮಧ್ಯಾಹ್ನವೂ ಕೆಲಸ ಮಾಡುತ್ತಿರುತ್ತದೆ. ಮಗಳ ಬಸ್ಸು ಮಾಗಡಿ ತಲುಪಿರಲಿ ಬಿಡಲಿ, ಅವರು ಎಂದಿನ ಹೊತ್ತಿಗೇ ಉಣ್ಣಬೇಕು. ಆಮೇಲೆ ಮಗಳ ಪಕ್ಕ ಕೂತು ಮಜ್ಜಿಗೆ ಕುಡಿಯಲಿ. ಒಬ್ಬಟ್ಟಿನ ಆಸೆಗೆ ಇನ್ಸುಲಿನ್ ಏರಿಸುವುದು ಖಂಡಿತ ಬೇಡ. ಮೊಮ್ಮಕ್ಕಳಿಗೆ ಕೆಂಪೇಗೌಡರ ಸಮಾಧಿ ತೋರಿಸಲು ನಡೆದು ಹೊರಟರೆ ಜೇಬಿನಲ್ಲಿ ಸಕ್ಕರೆ ಇರಲಿ. ನಡುಕ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಡಿ, 15 ನಿಮಿಷದ ಮೇಲೆ ರಕ್ತದ ಸಕ್ಕರೆ ಪರೀಕ್ಷಿಸಿ. 70ಕ್ಕಿಂತ ಕಡಿಮೆಯಿದ್ದರೆ ಮತ್ತೆ ಕೊಡಿ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಹಿಂದಿನ ಸಲದ ನಡುಕದ ವಿಷಯವನ್ನು ಭಾನುವಾರಕ್ಕೆ ಮೊದಲೇ ನಿಮ್ಮ ವೈದ್ಯರಿಗೆ ತಿಳಿಸಿ, ಡೋಸ್ ಬದಲಿಸಬೇಕೇ ಎಂದು ಕೇಳಿ.