ದುಮ್ಮವಾಡದ ಗೋಡೆಗೆ ಎಷ್ಟು ಸಿಮೆಂಟ್ ಬೇಕು?

ಸಿಮೆಂಟ್ ಭಟ್ಟಿಗೆ ಕಲ್ಲಿದ್ದಲು ಬಿಟ್ಟು ಬೇರೆ ಏನೇ ಉರಿಸಿದ್ರೂ ಸಮಸ್ಯೆ ಮುಗಿಯಲ್ಲ. 100 ಕೆ.ಜಿ. ಶುದ್ಧ ಸುಣ್ಣದಕಲ್ಲು ಸುಟ್ಟರೆ ಕಲ್ಲಿನೊಳಗಿಂದಲೇ 44 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಹೊರಬರುತ್ತೆ. ಹಾಗಾಗಿ ಸುಟ್ಟ ಕಲ್ಲಿನ ಪಾಲು, ಅಂದರೆ ಕ್ಲಿಂಕರ್, ಕಡಿಮೆ ಆಗಬೇಕು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್, ರಾಯಚೂರು ಶಕ್ತಿನಗರದ ಹಾರುಬೂದಿ ಅದರ ಜಾಗ ತುಂಬಬಲ್ಲವು. ಸ್ಲ್ಯಾಬಿಗೆ ಅಂಥ ಸಿಮೆಂಟ್ ಸರಿ.

ಗೋಡೆಗೆ? ದುಮ್ಮವಾಡದಂಥ ಊರಿನ ಒಂದಂತಸ್ತಿನ ಮನೆಗೆ ಅಷ್ಟು ಬಲ ಬೇಕೇ ಇಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ, ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಬೆಳೆಸಿತು. ಮರಳು ಜಾಸ್ತಿ ಇರೋ ಕೆಂಪು ಮಣ್ಣು, ಸುಮಾರು 5ರಿಂದ 8% ಸಿಮೆಂಟ್, ಅಷ್ಟೇ. ಸುಡೋ ಮಾತೇ ಇಲ್ಲ. ಮೂರು ವಾರ ನೀರುಣಿಸಬೇಕು. (ಮೇಸ್ತ್ರಿಗಳು ಅವಸರ ಮಾಡೋದು ಇಲ್ಲೇ!)

ಆದ್ರೆ ಎರಿ ಮಣ್ಣನ್ನ ಹಾಗೇ ಒತ್ತಬೇಡಿ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತೆ. ಅದಕ್ಕೆ ಮರಳು, ಸುಣ್ಣ ಬೆರೆಸಲೇಬೇಕು.