‘ಕೆಲವು ನೀರು’ ಎನ್ನುತ್ತೇವೆಯೇ? : ಮೆನಿ, ಮಚ್ ಪಾಠದ ಅನುಭವ

ಸಿಗಂದೂರು ಕಡೆಯ ಪ್ರೌಢಶಾಲೆಯೊಂದರ ಎಂಟನೇ ತರಗತಿಯಲ್ಲಿ ನನ್ನ ಬೋಧನಾಭ್ಯಾಸ. ನನ್ನ ವಿಷಯ ಗಣಿತ, ವಿಜ್ಞಾನ. ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದುದರಿಂದ ಪರಿಮಾಣ ಸೂಚಕ ಪದಗಳ ಪಾಠ ನನ್ನ ಪಾಲಿಗೆ ಬಂತು. ಎಣಿಸುವ ವಸ್ತುವಿಗೆ ‘ಮೆನಿ’, ಎಣಿಸಲಾಗದ್ದಕ್ಕೆ ‘ಮಚ್’ ಎಂದು ಕಪ್ಪುಹಲಗೆಯ ಮೇಲೆ ಬರೆದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. “ಸಾರ್, ನಮ್ಮನೇಲಿ ಅಡಿಕೆ ತೂಗ್ತಾರೆ, ದುಡ್ಡು ಎಣಿಸ್ತಾರೆ. ಹಂಗಾದ್ರೆ ಮಚ್ ಅಡಿಕೆ, ಮೆನಿ ಮನಿ ಅನ್ಬೇಕಾ?”

ನನ್ನ ಸೂತ್ರದ ಪ್ರಕಾರ ಅವಳದೇ ಸರಿ. ನಾಳೆ ಹೇಳುತ್ತೇನೆ ಎಂದು ಮುಂದೆ ಹೋದೆ. ವೀಕ್ಷಣಾ ಹಾಳೆಯಲ್ಲಿ ಅದಕ್ಕೆ ಅಂಕ ಕಡಿತವಾಯಿತು, ಆಗಬೇಕಾದದ್ದೇ.

ರಾತ್ರಿ ಪಾಠಯೋಜನೆಯನ್ನು ಮತ್ತೆ ಬರೆಯುವಾಗ ತೊಡಕು ಎಲ್ಲಿದೆಯೆಂದು ಹೊಳೆಯಿತು. ನಮ್ಮ ‘ಎಷ್ಟು’, ‘ತುಂಬ’, ‘ಸ್ವಲ್ಪ’ ಎಲ್ಲದಕ್ಕೂ ಸಲ್ಲುತ್ತವೆ: ಎಷ್ಟು ಜನ, ಎಷ್ಟು ನೀರು. ಹೀಗಾಗಿ ಮಕ್ಕಳಿಗೆ ‘ಮೆನಿ’, ‘ಮಚ್’ ಒಂದೇ ಎನಿಸುತ್ತದೆ. ಆದರೆ ‘ಕೆಲವು’ ಹಾಗಲ್ಲ. ಮರುದಿನ ಅದನ್ನೇ ಪರೀಕ್ಷೆಯಾಗಿ ಕೊಟ್ಟೆ. ಪದದ ಹಿಂದೆ ‘ಕೆಲವು’ ಸೇರಿಸಿ ಹೇಳಿ. ಕೆಲವು ದೋಣಿ, ಕೆಲವು ಮರ: ಕಿವಿಗೆ ಸರಿ, ಹಾಗಾಗಿ ‘ಮೆನಿ’, ‘ಫ್ಯೂ’. ಕೆಲವು ನೀರು, ಕೆಲವು ಅನ್ನ, ಕೆಲವು ದುಡ್ಡು: ತರಗತಿಯೇ ನಕ್ಕಿತು, ಹಾಗಾಗಿ ‘ಮಚ್’, ‘ಲಿಟಲ್’. ನಾವು ಎಣಿಸುವುದು ನೋಟನ್ನು, ದುಡ್ಡನ್ನಲ್ಲ; ‘ಮೆನಿ ನೋಟ್ಸ್’, ಆದರೆ ‘ಮಚ್ ಮನಿ’. ಅಡಿಕೆಯ ಮಟ್ಟಿಗೆ ಆ ಹುಡುಗಿ ಗೆದ್ದಳು. ಅಂಗಳದಲ್ಲಿ ಬಿದ್ದ ಅಡಿಕೆಗೆ ‘ಹೌ ಮೆನಿ’, ಸಾಗರದ ಮಂಡಿಗೆ ಕ್ವಿಂಟಲ್ ಲೆಕ್ಕದಲ್ಲಿ ಹೋದದ್ದಕ್ಕೆ ‘ಹೌ ಮಚ್’.

ಈ ಪರೀಕ್ಷೆ ಸೋಲುವ ಕಡೆಯೂ ಇದೆ. ಕೆಲವು ಸಲಹೆ, ಕೆಲವು ಮಾಹಿತಿ, ಕೆಲವು ಸುದ್ದಿ ಕನ್ನಡದಲ್ಲಿ ಸರಿಯೇ. ಇಂಗ್ಲಿಷಿನಲ್ಲಿ ಅಡ್ವೈಸ್, ಇನ್‌ಫರ್ಮೇಶನ್, ನ್ಯೂಸ್ ‘ಮಚ್’ ಕಡೆಗೆ. ಇವನ್ನು ಬಾಯಿಪಾಠ ಮಾಡಿಸುವುದಲ್ಲದೆ ನನಗೆ ಬೇರೆ ದಾರಿ ಕಾಣಲಿಲ್ಲ.

‘ಲಿಟಲ್’ ಮತ್ತು ‘ಎ ಲಿಟಲ್’ ನಡುವಿನ ವ್ಯತ್ಯಾಸ ಇನ್ನೂ ಕಷ್ಟವೆಂದುಕೊಂಡಿದ್ದೆ. ಅದನ್ನು ಸುಲಭ ಮಾಡಿದ್ದು ಲಾಂಚು. 2025ರ ಜುಲೈನಲ್ಲಿ ಸೇತುವೆ ತೆರೆಯುವ ಮೊದಲು ಈ ಮಕ್ಕಳು ಶರಾವತಿ ಹಿನ್ನೀರು ದಾಟುತ್ತಿದ್ದುದು ಅದರಲ್ಲೇ. ಬೇಸಿಗೆಯ ಕೊನೆಗೆ ನೀರು ಇಳಿದಾಗ ವಾಹನ ಹತ್ತಿಸುವುದನ್ನು ನಿಲ್ಲಿಸಿದ್ದೂ ಉಂಟು. ‘ದೇರ್ ಈಸ್ ಎ ಲಿಟಲ್ ವಾಟರ್’ ಎಂದರೆ ಸ್ವಲ್ಪವಾದರೂ ನೀರಿದೆ. ‘ಎ’ ಬಿಟ್ಟರೆ ನೀರು ಇಲ್ಲವೆನ್ನುವಷ್ಟು ಕಡಿಮೆ. ‘ಎ ಫ್ಯೂ’, ‘ಫ್ಯೂ’ಗಳದೂ ಇದೇ ಲೆಕ್ಕ ಎಂದೆ.

ಮುಂದಿನ ಸಾಲಿನ ಹುಡುಗ ತಡಮಾಡಲಿಲ್ಲ. “ಅಂದ್ರೆ ಸಾರ್, ‘ಎ’ ಇದ್ರೆ ಅಪ್ಪನ ಬೈಕೂ ಲಾಂಚ್ ಹತ್ತುತ್ತೆ. ಇಲ್ದಿದ್ರೆ ನಾವಷ್ಟೇ.”